ಮಗುಟ ಹೊದ್ದ ಸರ್ವರ್

ಮನುಷ್ಯ ಬಹುಕಾಲ ಯಾವುದನ್ನು ಕಾಯುತ್ತಾನೋ ಕೊನೆಗೆ ಅದರಂತೆಯೇ ಆಗುತ್ತಾನೆ. ಇದು ಗಂಭೀರವಾದ ಮಾತು, ಯೋಚಿಸಿಯೇ ಬರೆದಿದ್ದೇನೆ. ನಾನು ಕಾದದ್ದು ಎರಡು ಸಾವಿರನೆಯ ಇಸವಿಯ ವಿಂಡೋಸ್ ಇದ್ದ ಒಂದು ಸರ್ವರನ್ನು. ಹಾಗಾದರೆ ನಾನೂ ನಿಧಾನವಾಗಿ ಏಳುವ, ವಿನಾಕಾರಣ ಗುರುಗುಡುವ, ಹೊಸದೇನನ್ನು ತಂದು ಎದುರಿಗಿಟ್ಟರೂ ಗುರುತು ಹಿಡಿಯದ ಒಂದು ಯಂತ್ರ ಎಂದಾಯಿತು. ಈ ಸಾಲುಗಳನ್ನು ಹೆಂಡತಿಗೆ ಓದಿ ತೋರಿಸಿದೆ. ಆಕೆ ತಕರಾರು ಮಾಡಲಿಲ್ಲ.

ಕಲಬುರಗಿಯಲ್ಲಿ ಬೀಜ ಬೆಳೆಗಾರರದೊಂದು ಸಹಕಾರಿ ಸೊಸೈಟಿ ಇದೆ. ಅದರ ಮುಖ್ಯ ಕಚೇರಿಯಲ್ಲಿ ಸಿಸ್ಟಂ ಇನ್‌ಚಾರ್ಜ್ ಎಂಬ ಹುದ್ದೆಯಲ್ಲಿದ್ದು ಈಚೆಗೆ ನಿವೃತ್ತನಾದೆ. ಶರಣಬಸವೇಶ್ವರ ಗುಡಿಯ ಕಡೆಯಿಂದ ಒಳಕ್ಕೆ ಹೊರಳಿದರೆ ಸಿಗುವ ಹಳೆಯ ಕಟ್ಟಡ. ಯಾವ ಊರಿಗೆ ಯಾವ ತಳಿಯ ತೊಗರಿ ಬೀಜ ಹೋಯಿತು, ಯಾರ ಹೊಲದಲ್ಲಿ ಅದು ಮತ್ತೆ ಬೀಜವಾಗಿ ಬಂತು ಎಂಬುದೆಲ್ಲ ಆ ಸರ್ವರಿನಲ್ಲಿತ್ತು. ಅದಕ್ಕೆ ಪ್ರೋಗ್ರಾಂ ಬರೆದುಕೊಟ್ಟವನು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಆ ಪ್ರೋಗ್ರಾಂ ಬೇರೆ ಯಾವ ವಿಂಡೋಸಿನ ಮೇಲೂ ನಡೆಯಲಿಲ್ಲ. ಅದನ್ನು ಹುಟ್ಟಿಸಿದವರೇ ಅದಕ್ಕೆ ಎಳ್ಳುನೀರು ಬಿಟ್ಟು ಎಷ್ಟೋ ಕಾಲವಾಗಿತ್ತು. ನಾವು ಮಾತ್ರ ಬಿಡಲಿಲ್ಲ. ನಾವು ಬಿಡಲಿಲ್ಲವೋ, ಅದು ನಮ್ಮನ್ನು ಬಿಡಲಿಲ್ಲವೋ, ಈ ಬಗ್ಗೆ ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿದ್ದವು.

ನಮ್ಮದು ತಲೆಮಾರುಗಳಿಂದ ಪೌರೋಹಿತ್ಯದ ಮನೆತನ. ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಸಿಟ್ಟು ಬಂದಾಗ ಪೂರ್ತಿ ಮರಾಠಿ. ಅಣ್ಣಂದಿರಿಗೆಲ್ಲ ಮಂತ್ರ ಬಾಯಿಗೆ ಹತ್ತಿತು. ನನಗೆ ಹತ್ತಲಿಲ್ಲ. ಇವನ ಕೈಯಲ್ಲಿ ಶ್ರಾದ್ಧ ಮಾಡಿಸಿದರೆ ಪಿತೃಗಳು ಅರ್ಧ ದಾರಿಯಿಂದ ಹೊರಳಿ ಹೋಗುತ್ತಾರೆ ಎಂದು ನಮ್ಮ ತಂದೆ ಬಂದವರೆದುರೇ ಹೇಳಿದ್ದರು. ಹೀಗಾಗಿ ನನ್ನನ್ನು ಕಂಪ್ಯೂಟರಿಗೆ ಕಳಿಸಿದರು. ಅಲ್ಲಿ ಎಡವಿದರೆ ಪಿತೃಗಳಿಗೇನೂ ತೊಂದರೆಯಿಲ್ಲ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಸರ್ವರ್ ಬಂದಾಗ ಅದನ್ನು ಕೂಡಿಸಲು ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಪ್ಲೈವುಡ್ ಮತ್ತು ಗಾಜಿನಿಂದ ಒಂದು ಸಣ್ಣ ಕೋಣೆ ಮಾಡಿಸಿ, ಏ.ಸಿ. ಹಾಕಿಸಿ, ಹೋಗುವಾಗ ನನಗೆ ಮೂರು ಮಾತು ಹೇಳಿದ. ಧೂಳು ಹೋಗಬಾರದು. ಚಪ್ಪಲಿ ಒಳಗೆ ಬರಬಾರದು. ನೀವು ಬಿಟ್ಟು ಇನ್ನೊಬ್ಬರು ಮುಟ್ಟಬಾರದು. ಅವನು ಇದನ್ನು ಎಲ್ಲ ಊರಿನಲ್ಲೂ ಹೇಳಿರುತ್ತಾನೆ. ಉಳಿದ ಊರಿನವರು ಹೂಂ ಅಂದು ಮರೆತಿರುತ್ತಾರೆ. ನನಗೆ ಮಾತ್ರ ಮೈ ಜುಮ್ಮೆಂದಿತು. ಇಷ್ಟು ದಿನ ಯಾವ ವಿದ್ಯೆ ನನಗೆ ಬರುವುದಿಲ್ಲ ಎಂದಿದ್ದರೋ ಆ ವಿದ್ಯೆಯ ಭಾಷೆಯಲ್ಲೇ ಆತ ಮಾತಾಡಿದ್ದ.

ನಾನು ನಿಯಮಗಳನ್ನು ಮಾಡಿದೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಕೈ ತೊಳೆದುಕೊಂಡು ಬರಬೇಕು. ಹೊರಗಿನ ಪೆನ್ ಡ್ರೈವ್ ಏನಿದ್ದರೂ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಡಬೇಕು. ನಾನು ಅದನ್ನು ಹೊರಗಿನ ಕಂಪ್ಯೂಟರಿನಲ್ಲಿ ವೈರಸ್ ನೋಡಿ ಶುದ್ಧ ಮಾಡಿ ಆಮೇಲೆ ಒಳಗೆ ಒಯ್ಯಬೇಕು. ಸರ್ವರಿಗೆ ಧೂಳು ತಾಗದಂತೆ ಮನೆಯಿಂದ ತಂದೆಯ ಹಳೆಯ ಮಗುಟ ತಂದು ಹೊದಿಸಿದೆ. ಮಗುಟ ಎಂದರೆ ಪೂಜೆಗೆ ಕೂಡುವಾಗ ಮಡಿಯಲ್ಲಿ ಉಡುವ ರೇಷ್ಮೆ ಪಂಚೆ. ಅಂಚು ಹರಿದಿತ್ತು, ಉಡಲು ಬರುತ್ತಿರಲಿಲ್ಲ, ಎಸೆಯಲು ಮನಸ್ಸಿರಲಿಲ್ಲ. ಗಾಳಿ ಆಡಲೆಂದು ಹಿಂದಿನ ಭಾಗ ಬಿಟ್ಟು, ಮುಂದೆ ನಿರಿಗೆ ಹಿಡಿದು ಹೊದಿಸುತ್ತಿದ್ದೆ. ನಿರಿಗೆಯ ಅವಶ್ಯಕತೆ ಯಂತ್ರಕ್ಕೆ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಆಫೀಸಿನವರು ಆ ಕೋಣೆಗೆ ಗರ್ಭಗುಡಿ ಎಂದು ಹೆಸರಿಟ್ಟರು. ನನ್ನನ್ನು ಮೊದಲೇ ರಾಯರು ಎನ್ನುತ್ತಿದ್ದರು. ಈಗ ಅದಕ್ಕೆ ತಕ್ಕ ಸ್ಥಳ ಸಿಕ್ಕಿತು. ಕರೆಂಟ್ ಹೋಗಿ ಯು.ಪಿ.ಎಸ್. ಕೂಗಿಕೊಂಡರೆ ಜವಾನ ತನ್ನ ಜಾಗದಿಂದಲೇ, “ರಾಯರ, ಗಂಟಿ ಬಾರ್ಸಾಕತ್ತದ, ಮಂಗಳಾರತಿ ಮಾಡ್ರಿ” ಅನ್ನುತ್ತಿದ್ದ. ಈ ವಿಂಡೋಸಿನೊಳಗೆ ಹೋಗಬೇಕಾದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ನಾನು ಅದನ್ನು ಆಚಮನ ಎನ್ನುತ್ತಿದ್ದೆ. ಪಾಸ್‌ವರ್ಡನ್ನು ಕಾರ್ಯದರ್ಶಿ ಸಾಹೇಬರಿಗೆ ಒಮ್ಮೆ ಕಿವಿಯಲ್ಲಿ ಉಪದೇಶ ಮಾಡಿದ್ದೆ. ಅವರು ಊಟದ ಹೊತ್ತಿಗೆ ಮರೆತಿದ್ದರು. ಇವೆಲ್ಲ ಹಾಸ್ಯ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಗುವಾಗ ನನಗೆ ಒಳಗೊಳಗೇ ಎಷ್ಟು ಹಿತವಾಗುತ್ತಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೆ.

ತಾಂತ್ರಿಕ ವಿಷಯ ಒಂದನ್ನು ಇಲ್ಲಿ ಹೇಳಬೇಕು. ಆ ವಿಂಡೋಸಿನಲ್ಲಿ ಯಾವ ಕಡತವನ್ನು ಯಾರು ತೆರೆಯಬಹುದು ಎಂದು ಗೊತ್ತುಮಾಡಲು ಗುಂಪುಗಳಿರುತ್ತವೆ. ಅವುಗಳಲ್ಲಿ ಎವ್ರಿವನ್ ಎಂಬುದೂ ಒಂದು, ಎಂದರೆ ಎಲ್ಲರೂ. ಹೊಸದಾಗಿ ಕೂಡಿಸಿದಾಗ ಅದು ತಾನಾಗಿಯೇ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟಿರುತ್ತದೆ. ಇಂಜಿನಿಯರ್ ಬಸ್ಸು ಹತ್ತಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಆ ಗುಂಪನ್ನು ತೆಗೆದುಹಾಕಿದ್ದು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ.

ಕಮಲಾಪುರದಲ್ಲಿ ನಮ್ಮದೊಂದು ಶಾಖೆ ಇದೆ. ಅಲ್ಲಿಯ ಕಂಪ್ಯೂಟರ್ ಕೆಲಸವೆಲ್ಲ ಒಬ್ಬ ಮೇಡಂ ಅವರದು. ಮನೆ ಕಲಬುರಗಿಯಲ್ಲೇ, ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವರು. ಅವರದು ಬೌದ್ಧ ಮನೆತನ. ಇದನ್ನು ಅವರು ನನಗೆ ಹೇಳಿದ್ದಿಲ್ಲ, ನಾನು ಕೇಳಿದ್ದಿಲ್ಲ. ನಮ್ಮ ಕಡೆ ಯಾವ ಓಣಿಯಲ್ಲಿ ಮನೆ ಎಂದು ಒಬ್ಬರನ್ನು ಕೇಳಿದರೆ ಉಳಿದದ್ದೆಲ್ಲ ಕೇಳಿದಂತೆಯೇ, ಮತ್ತು ಓಣಿಯನ್ನು ಎಲ್ಲರೂ ಮೊದಲ ದಿನವೇ ಕೇಳುತ್ತಾರೆ. ಅವರು ಪ್ರತಿ ತಿಂಗಳು ಶಾಖೆಯ ಮಾಹಿತಿಯನ್ನು ಪೆನ್ ಡ್ರೈವಿನಲ್ಲಿ ತಂದು, ಸ್ಟೂಲಿನ ಮೇಲಿಟ್ಟು, ಗಾಜಿನ ಆಚೆ ನಿಂತು ನಾನು ಒಳಗೆ ಹಾಕುವುದನ್ನು ನೋಡುತ್ತಿದ್ದರು. ಉಳಿದವರೆಲ್ಲ ನನ್ನನ್ನು ರಾಯರೇ ಎಂದರೆ ಅವರೊಬ್ಬರು ಸರ್ ಎನ್ನುತ್ತಿದ್ದರು. ಉಳಿದ ಶಾಖೆಗಳವರಿಗೆ ಶಿಸ್ತಿಲ್ಲ, ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ ಪೆನ್ ಡ್ರೈವನ್ನು ಕೈಗೇ ತುರುಕುತ್ತಾರೆ, ಕಮಲಾಪುರದವರನ್ನು ನೋಡಿ ಕಲಿಯಿರಿ ಎಂದು ನಾನು ಸಭೆಯಲ್ಲಿ ಹೊಗಳಿದ್ದೂ ಉಂಟು. ಹೊಗಳಿದಾಗ ಅವರು ತಲೆ ತಗ್ಗಿಸಿಕೊಂಡಿದ್ದರು. ಅದನ್ನು ವಿನಯ ಎಂದುಕೊಂಡೆ.

ಬರುವಾಗ ಅವರು ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತಿದ್ದರು. ಆಫೀಸೆಲ್ಲ ತಿನ್ನುತ್ತಿತ್ತು. ನನ್ನ ಪಾಲನ್ನು ನಾನು ಜವಾನನಿಗೆ ಕೊಡುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆ. ವೈದ್ಯರು ಬೇರೆ ಹಣ್ಣುಗಳ ವಿಷಯದಲ್ಲಿ ಸ್ವಲ್ಪ ದಯೆ ತೋರಿಸಿದ್ದರೂ ಬಾಳೆಹಣ್ಣಿನ ವಿಷಯದಲ್ಲಿ ತೋರಿಸಿರಲಿಲ್ಲ.

ನನ್ನ ನಿವೃತ್ತಿ ಹತ್ತಿರ ಬಂದಾಗ ಸರ್ವರನ್ನು ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆ ಬಂತು. ಹೊರಗಿನ ಕಂಪನಿಗೆ ಗುತ್ತಿಗೆ ಕೊಡೋಣ ಎಂದು ಮಂಡಳಿಯ ಕೆಲವರು. ಕಾರ್ಯದರ್ಶಿ ಸಾಹೇಬರು ಮಾತ್ರ, ನಮ್ಮಲ್ಲೇ ಕೆಲಸ ಬಲ್ಲವರಿದ್ದಾರೆ, ಕಮಲಾಪುರದ ಮೇಡಂಗೆ ಚಾರ್ಜ್ ಕೊಟ್ಟು ಇಲ್ಲಿಗೆ ಕರೆಸಿಕೊಳ್ಳೋಣ ಎಂದು ಪಟ್ಟು ಹಿಡಿದು ಒಪ್ಪಿಸಿದರು. ಮೇಡಂ ಎಷ್ಟೋ ವರ್ಷಗಳಿಂದ ಕಲಬುರಗಿಗೆ ವರ್ಗ ಕೇಳುತ್ತಿದ್ದರು. ತಾಯಿ ಹಾಸಿಗೆ ಹಿಡಿದಿದ್ದರು; ನಡುಹಗಲು ಒಮ್ಮೆ ಮನೆಗೆ ಹೋಗಿ ಬರಲು ಆಗುವಂಥ ಜಾಗ ಸಿಕ್ಕರೆ ಸಾಕು ಎನ್ನುತ್ತಿದ್ದರು. ಮುಖ್ಯ ಕಚೇರಿಯಿಂದ ಅವರ ಮನೆ ನಡೆದು ಹೋಗುವಷ್ಟು ಹತ್ತಿರ. ಬೇರೆ ಹುದ್ದೆ ಯಾವುದೂ ಖಾಲಿ ಇರಲಿಲ್ಲ. ಇದೊಂದೇ ದಾರಿ. ಸುದ್ದಿ ತಿಳಿಸಲು ನಾನೇ ಫೋನ್ ಮಾಡಿದೆ. ಆ ಕಡೆ ಬಸ್ ಸ್ಟ್ಯಾಂಡಿನ ಗದ್ದಲವಿತ್ತು. ಅವರು, ಅವ್ವಗ ಹೇಳ್ತೀನ್ರಿ ಸರ್, ಎಂದಷ್ಟೇ ಅಂದು ಫೋನ್ ಇಟ್ಟರು.

ಚಾರ್ಜ್ ಕೊಡಲು ಗುರುವಾರ ಗೊತ್ತುಮಾಡಿದೆವು. ಗುರುವಾರ ಯಾಕೆ ಎಂದು ಯಾರೂ ಕೇಳಲಿಲ್ಲ. ಜವಾನ ತೆಂಗಿನಕಾಯಿ ತಂದಿದ್ದ. ಹನ್ನೊಂದರ ಸುಮಾರಿಗೆ ಕಾರ್ಯದರ್ಶಿ ಸಾಹೇಬರು, ನಾನು, ಇನ್ನಷ್ಟು ನೌಕರರು ಗಾಜಿನ ಕೋಣೆಯಲ್ಲಿ ಒತ್ತೊತ್ತಾಗಿ ನಿಂತಿದ್ದೆವು. ಹೆಚ್ಚಿನವರ ಕಾಲಲ್ಲಿ ಚಪ್ಪಲಿ ಇದ್ದವು. ಗುಂಪಿನಲ್ಲಿ ನಾನು ಗಮನಿಸಲಿಲ್ಲ. ಮೇಡಂ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. ಹೊರಗೆ ಚಪ್ಪಲಿ ಬಿಟ್ಟರು, ನಲ್ಲಿಯಲ್ಲಿ ಕೈ ತೊಳೆದರು, ಬಂದು ಹೊಸ್ತಿಲಾಚೆ ನಿಂತರು. ಅವರು ನಿಂತ ಮೇಲೆ ಯಾರಿಗೂ ಏನು ಮಾಡಬೇಕು ಎಂದು ತೋಚಲಿಲ್ಲ. ಸಾಹೇಬರು ಒಳಗೆ ಬರ್ರಿ ಎಂದರು. ಆಗ ಬಂದರು. ಇಷ್ಟು ವರ್ಷಗಳಲ್ಲಿ ಅವರು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು ಎಂಬುದು ನನಗೆ ಆಗ ಹೊಳೆಯಿತು. ಜವಾನ ಊಟದ ಡಬ್ಬಿ ತಂಪಾಗಿರಲಿ ಎಂದು ದಿನಾ ಒಳಗಿಡುತ್ತಿದ್ದ. ಬ್ಯಾಂಕಿನವರು, ಮಂಡಳಿಯವರು, ಏ.ಸಿ. ರಿಪೇರಿಯವನು, ಎಲ್ಲರೂ ಬಂದು ಹೋಗಿದ್ದರು.

ಅವರು ಸುತ್ತಲೂ ಒಮ್ಮೆ ನೋಡಿದರು. ಬ್ಯಾಕಪ್ ಟೇಪುಗಳ ಬಗ್ಗೆ ಒಂದೆರಡು ಮಾತು ಕೇಳಿದರು, ನಾನು ಹೇಳಿದೆ. ಮುಖದಲ್ಲಿ ಗೆಲುವಿತ್ತು. ಆಮೇಲೆ ಸಹಜವಾಗಿ, ತನ್ನದಾಗಲಿರುವ ವಸ್ತುವನ್ನು ಯಾರಾದರೂ ನೋಡುವಂತೆ, ಮಗುಟದ ತುದಿಯನ್ನು ಎತ್ತಲು ಕೈ ಚಾಚಿದರು.

“ಮುಟ್ಟಬ್ಯಾಡ್ರಿ” ಎಂದೆ.

ಜೋರಾಗಿ ಅನ್ನಲಿಲ್ಲ. ಆದರೆ ಬರೀ ಅನ್ನಲೂ ಇಲ್ಲ. ನನ್ನ ಕೈ ಅವರ ಕೈಗಿಂತ ಮೊದಲು ಹೋಗಿ ಬಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡಿತ್ತು. ಅಷ್ಟೇ ಅಲ್ಲ, ಅವರ ಬೆರಳು ತಾಗದಂತೆ ಎಳೆದುಕೊಂಡಿತ್ತು. ಹಾಗೆ ಎಳೆದುಕೊಳ್ಳುವ ಒಂದು ರೀತಿ ಇದೆ. ನಮ್ಮ ಅಜ್ಜಿ ಸೋವಳೆಯಲ್ಲಿ, ಎಂದರೆ ಮಡಿಯಲ್ಲಿದ್ದಾಗ, ಹಿತ್ತಲ ಬಾಗಿಲಿಗೆ ಯಾರಾದರೂ ಬಂದರೆ ಸೆರಗನ್ನು ಹಾಗೆ ಎಳೆದುಕೊಳ್ಳುತ್ತಿದ್ದಳು. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ. ಮಂತ್ರ ಕಲಿಸಿದ್ದರು, ಅದು ಬರಲಿಲ್ಲ.

ಕಾರಣ ಹೇಳತೊಡಗಿದೆ. ಪವರ್ ಗುಂಡಿಯ ಮೇಲಿನ ಪ್ಲಾಸ್ಟಿಕ್ ಮುರಿದಿದೆ, ಬಟ್ಟೆ ಸಿಕ್ಕಿಕೊಂಡು ಗುಂಡಿ ಒತ್ತಿದರೆ ಇಡೀ ಸರ್ವರ್ ಬಂದ್ ಆಗುತ್ತದೆ, ಆಮೇಲೆ ಏಳುತ್ತದೋ ಇಲ್ಲವೋ ಹೇಳಲು ಬರುವುದಿಲ್ಲ, ಅದಕ್ಕೇ ಯಾರಿಗೂ ಮುಟ್ಟಗೊಡುವುದಿಲ್ಲ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮುರಿದ ಪ್ಲಾಸ್ಟಿಕ್ಕನ್ನು ಎತ್ತಿ ತೋರಿಸಿದೆ ಕೂಡ.

ತೆಂಗಿನಕಾಯಿ ಹಿಡಿದು ನಿಂತಿದ್ದ ಜವಾನ ನನಗೆ ನೆರವಾಗಲೆಂದೋ ಏನೋ ಬಾಯಿ ಹಾಕಿದ. “ಮೊನ್ನಿ ಬ್ಯಾಂಕಿನವ್ರು ಬಂದಾಗ ಸಾಹೇಬ್ರು ತಗದು ತೋರ್ಸಿದ್ರಲ್ರಿ ರಾಯರ. ಏನೂ ಆಗ್ಲಿಲ್ಲ.”

ಹೌದು, ತೆಗೆದಿದ್ದರು. ಬ್ಯಾಂಕಿನವರಲ್ಲೊಬ್ಬರು ಯಂತ್ರದ ನೆತ್ತಿಯ ಮೇಲೆ ಕೈಯೂರಿ ಫೋಟೋ ತೆಗೆಸಿಕೊಂಡಿದ್ದರು. ನಾನು ಪಕ್ಕದಲ್ಲಿ ಕೈಕಟ್ಟಿ ಮುಗುಳ್ನಗುತ್ತ ನಿಂತಿದ್ದೆ. ಪವರ್ ಗುಂಡಿಯ ನೆನಪು ಆವತ್ತು ನನಗೆ ಬಂದಿರಲಿಲ್ಲ.

ಮೇಡಂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

“ತಪ್ಪಾತ್ರಿ ಸರ್” ಎಂದರು. “ಇಷ್ಟ್ ವರ್ಷ ಗೊತ್ತಿತ್ತು. ಇವತ್ತ ಕರದ್ರಿ ಅಂತ ಮರ್ತೆ.”

ಏನು ಗೊತ್ತಿತ್ತು ಎಂದು ನಾನು ಕೇಳಿದೆ. ಮೂರ್ಖತನಕ್ಕೂ ಒಂದು ಮಿತಿ ಇರಬೇಕಿತ್ತು, ಕೇಳಿಯೇಬಿಟ್ಟೆ. ಸಾಹೇಬರು ಗಡಿಯಾರ ನೋಡಿದರು. ಮೇಡಂ ಬಸ್ಸಿನ ಹೊತ್ತಾಯಿತು, ಶಾಖೆಗೆ ಬೀಗ ಹಾಕಿ ಬಂದಿದ್ದೇನೆ ಎಂದು ಹೇಳಿ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಅವರು ಹೋದ ಮೇಲೆ ಜವಾನ ಕಾಯಿ ಒಡೆಯಲೋ ಬಿಡಲೋ ಎಂದು ಕೇಳಿದ. ಯಾರೂ ಹೇಳದ್ದರಿಂದ ಮೇಜಿನ ಮೇಲಿಟ್ಟ.

ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಧೂಳಿನ ವಿಷಯ, ಪವರ್ ಗುಂಡಿಯ ವಿಷಯ ವಿಸ್ತಾರವಾಗಿ ಹೇಳಿ, ಜನ ಹೇಗೆ ತಪ್ಪು ತಿಳಿಯುತ್ತಾರೆ ನೋಡು ಎಂದೆ. ಆಕೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. “ಧೂಳಿಗಿ ಅಂದ್ರ ಮಗುಟ ಯಾಕ ಒಯ್ದಿದ್ರಿ? ಮನ್ಯಾಗ ಹಳೇ ಚಾದರ ಇದ್ದಿದ್ದಿಲ್ಲೇನು?” ಎಂದಳು. ಚಾದರಗಳು ಇದ್ದವು, ಬೇಕಾದಷ್ಟು.

ಎರಡು ದಿನ ಬಿಟ್ಟು ಕಮಲಾಪುರಕ್ಕೆ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ರೇಷ್ಮೆಗೆ ಧೂಳು ಹತ್ತುವುದಿಲ್ಲ, ಅದಕ್ಕಾಗಿ ರೇಷ್ಮೆ. ಇದು ನನ್ನ ವಾದದ ಬೆನ್ನೆಲುಬು. ಊರು ದಾಟಿ ತೊಗರಿ ಹೊಲಗಳು ಶುರುವಾಗುವ ಹೊತ್ತಿಗೆ ಹೈಸ್ಕೂಲಿನ ವಿಜ್ಞಾನದ ತರಗತಿ ನೆನಪಾಯಿತು. ಗಾಜಿನ ಕಡ್ಡಿಯನ್ನು ಮಾಸ್ತರರು ಒಂದು ಬಟ್ಟೆಯಿಂದ ತಿಕ್ಕಿ ಕಾಗದದ ಚೂರುಗಳ ಹತ್ತಿರ ಹಿಡಿದಾಗ ಚೂರುಗಳು ಹಾರಿ ಹತ್ತಿಕೊಂಡಿದ್ದವು. ವಿದ್ಯುತ್ತು ಹುಟ್ಟಿಸುವ ಆ ಬಟ್ಟೆ ರೇಷ್ಮೆ. ಕಂಪ್ಯೂಟರಿಗೆ ಹೊದಿಸಬಾರದ ಬಟ್ಟೆ ಯಾವುದು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ನಾನೇ ಸರಿಯುತ್ತರ ಬರೆದು ಅಂಕ ಪಡೆಯುತ್ತಿದ್ದೆ. ಹಾಗಾದರೆ ನಾನು ಇಷ್ಟು ವರ್ಷ ಅದನ್ನು ಯಾವುದರಿಂದ ಕಾಪಾಡುತ್ತಿದ್ದೆ? ಬಸ್ಸು ಕಮಲಾಪುರ ಮುಟ್ಟುವ ಹೊತ್ತಿಗೆ ನನ್ನ ಹತ್ತಿರ ಹೇಳಲು ಮಾತೇ ಉಳಿದಿರಲಿಲ್ಲ. ಹೊರಳಿ ಹೋಗುವ ಬಸ್ಸು ಪಕ್ಕದಲ್ಲೇ ನಿಂತಿತ್ತು. ಅದನ್ನು ಹತ್ತಲಿಲ್ಲ ಎಂಬುದೊಂದೇ ಆ ದಿನ ನಾನು ಮಾಡಿದ ಮರ್ಯಾದೆಯ ಕೆಲಸ.

ಸಂತೆಯ ದಿನ. ಶಾಖೆಯ ಸಣ್ಣ ಕೋಣೆಯಲ್ಲಿ ರೈತರು ತುಂಬಿದ್ದರು. ಮೇಡಂ ಅವರ ಕಂಪ್ಯೂಟರಿನ ಮೇಲೆ ಒಬ್ಬರು ಮೊಣಕೈ ಊರಿಕೊಂಡು ತಮ್ಮ ಹೆಸರು ಪರದೆಯ ಮೇಲೆ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಿದ್ದರು. ಮಾನಿಟರ್ ತುಂಬ ಬೆರಳ ಗುರುತು. ಯಾರದೋ ಟವೆಲ್ಲು ಸಿ.ಪಿ.ಯು. ಮೇಲೆ ಒಣಗುತ್ತಿತ್ತು. ಅದು ಸುಸೂತ್ರವಾಗಿ ನಡೆಯುತ್ತಿತ್ತು. ನನ್ನನ್ನು ಕಂಡು ಮೇಡಂ ಎದ್ದು, ತಮ್ಮ ಕುರ್ಚಿಯನ್ನೇ ನನಗೆ ಹಾಕಿ, ಎದುರಿನ ಹೋಟೆಲಿನಿಂದ ಚಹಾ ಹೇಳಿದರು. ಜನ ಕರಗಿದ ಮೇಲೆ ಬಂದು ಬೆಂಚಿನ ಮೇಲೆ ಕೂತರು.

“ನೀವು ಯಾಕ ಬಂದೀರಿ ಗೊತ್ತದ್ರಿ ಸರ್. ಅದು ಹೇಳೂದು ಬ್ಯಾಡ. ಚಹಾ ಕುಡೀರಿ” ಎಂದರು.

ಚಹಾ ಕುಡಿದೆ. ಸಕ್ಕರೆ ಹಾಕಿದ ಚಹಾ. ಎಂದೂ ಇಲ್ಲದಷ್ಟು ರುಚಿಯಾಗಿದೆ ಎಂದು ಹೇಳಿ ಇನ್ನೊಂದು ಕಪ್ ಕೇಳಿದೆ. ಮೇಜಿನ ಮೇಲೆ ಯಾರೋ ರೈತರು ಇಟ್ಟುಹೋದ ಕೆಂಪು ಬಾಳೆಹಣ್ಣಿನ ಗೊನೆ ಇತ್ತು. ಕೇಳದೆಯೇ ಒಂದನ್ನು ಮುರಿದುಕೊಂಡು ಸುಲಿದು ತಿನ್ನತೊಡಗಿದೆ. ಅವರು ನೋಡುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಅವರು ನೋಡಲಿ ಎಂದೇ ತಿನ್ನುತ್ತಿದ್ದೆ.

“ಸರ್, ನಿಮಗ ಶುಗರ್ ಅದಲ್ರಿ. ನನಗ ತೋರ್ಸಾಕ ತಿನ್ನಬ್ಯಾಡ್ರಿ.”

ಬಾಯಿಯೊಳಗಿನದು ಅಲ್ಲೇ ನಿಂತಿತು. ನಿಮಗೆ ಹೇಗೆ ಗೊತ್ತು ಎಂದು ಕಷ್ಟಪಟ್ಟು ಕೇಳಿದೆ.

“ಗುಳಿಗಿ ಡಬ್ಬಿ ನಿಮ್ಮ ಟೇಬಲ್ ಮ್ಯಾಲೇ ಇರ್ತದಲ್ಲ. ಬಾಳೆಹಣ್ಣಿಂದು ನಾ ಎಂದೂ ತಪ್ಪ ತಿಳ್ಕೊಂಡಿಲ್ರಿ.”

ಅರ್ಧ ತಿಂದ ಹಣ್ಣು ಕೈಯಲ್ಲಿತ್ತು. ಕೆಳಗಿಟ್ಟರೆ ಒಂದು ಅರ್ಥವಾಗುತ್ತದೆ, ತಿಂದರೆ ಇನ್ನೊಂದು. ತಿಂದೆ. ಬಾಳೆಹಣ್ಣಿನದು ತಪ್ಪು ತಿಳಿದಿಲ್ಲ ಎಂದರೆ ಉಳಿದದ್ದನ್ನು ಹೇಗೆ ತಿಳಿದಿದ್ದಾರೆ ಎಂಬುದನ್ನು ಕೇಳದೆ ಗತಿಯಿರಲಿಲ್ಲ. ಸ್ಟೂಲಿನ ವಿಷಯ ತೆಗೆದೆ. ಅದು ವೈರಸ್ಸಿಗಾಗಿ ಎಂದೆ.

“ವೈರಸ್ ಸಲುವಾಗಿ ಅಂತ ಎಲ್ಲಾರ್ಗೂ ಗೊತ್ತದ್ರಿ. ಆದ್ರ ಉಳಿದವ್ರು ಯಾರೂ ಸ್ಟೂಲ್ ಮ್ಯಾಲೆ ಇಡ್ತಿದ್ದಿಲ್ಲ. ನಾನೂ ಮೊದಲನೇ ಸಲ ನಿಮ್ಮ ಕೈಗೇ ಕೊಡಾಕ ಬಂದಿದ್ದೆ. ನೀವು ಸ್ಟೂಲಿಗಿ ಬೆರಳು ತೋರ್ಸಿದ್ರಿ. ನೆನಪದೇನ್ರಿ?”

ಇರಲಿಲ್ಲ. ಎಷ್ಟು ಹುಡುಕಿದರೂ ಆ ದಿನ ನನ್ನೊಳಗೆ ಎಲ್ಲೂ ಇರಲಿಲ್ಲ. ನೆನಪಿಲ್ಲ ಎಂದೆ. ಅವರು ತಲೆ ಆಡಿಸಿದರು. ಮೊಂಡು ವಾದ ಮಾಡಿದ್ದರೂ ಅಷ್ಟು ಕೆಳಗಿಳಿಯುತ್ತಿರಲಿಲ್ಲವೇನೋ ನಾನು. ಇನ್ನೊಬ್ಬರು ವರ್ಷಗಟ್ಟಲೆ ಹೊತ್ತು ತಿರುಗಿದ್ದು ನನಗೆ ನೆನಪಿಡುವಷ್ಟು ದೊಡ್ಡದಾಗಿರಲಿಲ್ಲ ಎಂಬುದನ್ನು ಸ್ವಂತ ಬಾಯಿಂದ ಹೇಳಿಯಾಗಿತ್ತು.

ಆಮೇಲೆ ಬಂದ ಕೆಲಸದ ಮಾತಾಡಿದೆ. ಚಾರ್ಜ್ ತೆಗೆದುಕೊಳ್ಳಿರಿ, ಸೋಮವಾರವೇ ಬನ್ನಿರಿ ಎಂದೆ. ಬಟ್ಟೆ ತೆಗೆಸುತ್ತೇನೆ, ಸ್ಟೂಲು ತೆಗೆಸುತ್ತೇನೆ, ಬೇಕಾದರೆ ಬಾಗಿಲನ್ನೇ ಕಿತ್ತಿಸುತ್ತೇನೆ ಎಂದೆ. ತಾಯಿಯ ವಿಷಯವನ್ನೂ ಎತ್ತಿದೆ, ಎತ್ತಬಾರದಿತ್ತು. ಅವರು ಸಂತೆಯ ಕಡೆ ನೋಡುತ್ತ ಹೇಳಿದರು.

“ಈಗ ತಗದ್ರ ನನ್ನ ಸಲುವಾಗಿ ತಗದಂಗ ಆಗ್ತದ್ರಿ. ಅದು ಇನ್ನೊಂದು ಸುದ್ದಿ. ನೀವು ಮುಂದಿನ ತಿಂಗಳ ಮನಿಗಿ ಹೋಗ್ತೀರಿ ಸರ್. ಅವತ್ತ ಒಳಗ ನಿಂತು ನೋಡಿದವ್ರು ಅಲ್ಲೇ ಇರ್ತಾರ. ದಿನಾ ನಾ ಆ ಬಾಗಲಾ ದಾಟೂದು ನೋಡ್ತಾರ. ನನಗ ಕೆಲಸ ಬೇಕಾಗಿತ್ರಿ. ಗುಡಿ ಪ್ರವೇಶ ಅಲ್ಲ.”

ಅವರ ದನಿ ಕೊನೆಯವರೆಗೂ ಏರಲಿಲ್ಲ. ಸಾಹೇಬರಿಗೆ ಆಗಲೇ ಫೋನಿನಲ್ಲಿ ಬೇಡವೆಂದು ಹೇಳಿಯಾಗಿದೆ, ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿದ್ದಾರೆ, ಇಷ್ಟು ದಿನ ನಡೆದದ್ದು ಮುಂದೂ ನಡೆಯುತ್ತದೆ ಎಂದರು. ಅಷ್ಟರಲ್ಲಿ ಇಬ್ಬರು ರೈತರು ಬಂದರು. ಮೇಡಂ ಎದ್ದು ಕೆಲಸಕ್ಕೆ ಹೊರಳಿದರು. ಕುರ್ಚಿ ನನ್ನ ಕೆಳಗಿತ್ತು. ಅವರು ನಿಂತುಕೊಂಡೇ ಟೈಪ್ ಮಾಡತೊಡಗಿದ್ದು ನೋಡಿ ಎದ್ದೆ. ಕ್ಷಮಿಸಿರಿ ಎಂಬ ಮಾತು ನಾನು ಆಡಿದೆನೋ ಇಲ್ಲವೋ ಖಚಿತವಿಲ್ಲ. ಆಡಿದ್ದರೂ ರೈತರು ತಮ್ಮ ಬೀಜದ ಚೀಲದ ಬಗ್ಗೆ ಮಾತಾಡುತ್ತಿದ್ದುದರಿಂದ ಕೇಳಿಸಿರಲಾರದು.

ಆ ಸಂಜೆ ಮನೆಯಲ್ಲಿ ಸಕ್ಕರೆ ಪರೀಕ್ಷಿಸಿದಾಗ ನಿರೀಕ್ಷೆಯಂತೆ ಏರಿತ್ತು. ಪ್ರಾಯಶ್ಚಿತ್ತ ಎಂದುಕೊಳ್ಳುವ ಆಸೆಯಾಯಿತು. ಆದರೆ ಎರಡು ಕಪ್ ಚಹಾ ಮತ್ತು ಒಂದು ಬಾಳೆಹಣ್ಣಿನ ಪ್ರಾಯಶ್ಚಿತ್ತವನ್ನು ಯಾವ ಶಾಸ್ತ್ರವೂ ಒಪ್ಪುವುದಿಲ್ಲ. ನಮ್ಮ ಮನೆತನದವನಾಗಿ ಅಷ್ಟು ಬಲ್ಲೆ.

ನಿವೃತ್ತಿಯ ದಿನ ಸನ್ಮಾನ ಮಾಡಿದರು. ಬೇಡವೆಂದೆ, ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ನಕ್ಕರು. ಎಲ್ಲ ಶಾಖೆಗಳವರೂ ಬಂದಿದ್ದರು. ಮೇಡಂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಶಾಲು ಹೊದಿಸಿ, ಹಾರ ಹಾಕಿ, ಕಾರ್ಯದರ್ಶಿ ಸಾಹೇಬರು ಮಾತಾಡಿದರು. ಅವರು ಒಳ್ಳೆಯವರು, ಒಳ್ಳೆಯ ಮನಸ್ಸಿನಿಂದಲೇ ಆಡಿದರು. ರಾಯರು ನಮ್ಮ ಸರ್ವರನ್ನು ದೇವರಂತೆ ಮಡಿಯಲ್ಲಿ ಇಟ್ಟು ಕಾಪಾಡಿದರು, ಒಂದು ದಿನವೂ ಮೈಲಿಗೆಯಾಗಲು ಬಿಡಲಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಹಿಂದಿನ ಸಾಲಿನ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಅವರೂ ತಟ್ಟುತ್ತಿದ್ದರು, ಎಲ್ಲರ ಹಾಗೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತು ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅದನ್ನು ಆ ಸಭೆಯಲ್ಲಿ ಹೇಳಿದರೆ ಎಲ್ಲರ ತಲೆ ತಿರುಗುವುದು ನನ್ನ ಕಡೆಗಲ್ಲ, ಹಿಂದಿನ ಸಾಲಿನ ಕಡೆಗೆ ಎಂದು ತಿಳಿದು, ಎಲ್ಲರಿಗೂ ಧನ್ಯವಾದ ಹೇಳಿ ಕೂತೆ. ಇದು ವಿವೇಕವೋ ಹೇಡಿತನವೋ ಎಂಬ ಬಗ್ಗೆ ನನ್ನೊಳಗೆ ಇನ್ನೂ ತೀರ್ಮಾನವಾಗಿಲ್ಲ. ಶಾಲು ರೇಷ್ಮೆಯದಾಗಿರಲಿಲ್ಲ, ಅದೊಂದು ಸಮಾಧಾನ.

ಮುಂದೆ ಮಂಡಳಿ ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟಿತು. ಅವರು ಬಂದು ಹಳೆಯ ಪ್ರೋಗ್ರಾಮಿನೊಳಗಿನದನ್ನೆಲ್ಲ ಹೇಗೋ ತೆಗೆದು ಎಲ್ಲೋ ದೂರದ ಕಂಪ್ಯೂಟರಿಗೆ ಸೇರಿಸಿದರು. ಗಾಜಿನ ಕೋಣೆಯಲ್ಲಿ ಈಗ ಬೀಜದ ಮಾದರಿ ಚೀಲಗಳನ್ನು ಇಡುತ್ತಾರೆ. ಸಿಸ್ಟಂ ಇನ್‌ಚಾರ್ಜ್ ಹುದ್ದೆ ರದ್ದಾಯಿತು. ಮೇಡಂ ಕಮಲಾಪುರ ಶಾಖೆಯಲ್ಲೇ ಇದ್ದಾರೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾರೆ.